ಆಯಿಯ ಕ್ಯಾಸೆಟ್ಟಿನ ಮೇಲೆ ನನ್ನ ಐದು ನಿಮಿಷ

ಗಣಿತ ಓದುವವರಿಗೆ ಮಾತು ಬರುವುದಿಲ್ಲ ಎಂಬ ಅಪವಾದವನ್ನು ನಾನೇ ಅಳಿಸಬೇಕೆಂದು, ಬಿ.ಎಸ್ಸಿ. ಎರಡನೆಯ ವರ್ಷ ಮಾಧ್ಯಮ ಸಂವಹನ ಎಂಬ ಹೊಸ ಪೇಪರನ್ನೂ ತೆಗೆದುಕೊಂಡೆ. ಗಣಿತದಲ್ಲಿ ಹೇಗೋ ದಡ ಮುಟ್ಟುತ್ತಿದ್ದೆ. ಮಾತಿನಲ್ಲಿ ನನ್ನನ್ನು ಹಿಡಿಯುವವರಿಲ್ಲ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ಊರು ಬಿಟ್ಟು ಗೋವೆಯ ಸಾಂಕೋಲೆಯಲ್ಲಿದ್ದೆವು. ಅಪ್ಪ ಒಂದು ಕಾರ್ಖಾನೆಯಲ್ಲಿ ಲೋಡಿಂಗ್, ಅಕ್ಕ ಇನ್ನೊಂದರಲ್ಲಿ ಪ್ಯಾಕಿಂಗ್, ನಾನು ಕನ್ನಡಿಯ ಮುಂದೆ ಇಂಗ್ಲಿಷ್.

ನಮ್ಮ ಮೇಡಂ ಬೋರ್ಡಿನ ಮೇಲೆ ಎರಡು ಚೌಕ ಬರೆಯುತ್ತಿದ್ದರು. ಒಂದರಲ್ಲಿ ಹೇಳುವವ, ಇನ್ನೊಂದರಲ್ಲಿ ಕೇಳುವವ. ನಡುವಿನ ಗೆರೆಯ ಮೇಲೆ ಹಾವಿನಂತೆ ಗೀಚಿ, ಇದು ಗದ್ದಲ, ಮಾತನ್ನು ತಲುಪಗೊಡದ್ದೆಲ್ಲ ಗದ್ದಲವೇ ಅನ್ನುತ್ತಿದ್ದರು. ನಾನು ಸ್ಕೇಲ್ ಇಟ್ಟು ಆ ಚಿತ್ರವನ್ನು ಬಹಳ ಚಂದವಾಗಿ ಬರೆದುಕೊಂಡಿದ್ದೆ.

ಊರಲ್ಲಿದ್ದ ಅಪ್ಪನ ತಾಯಿ, ನಮ್ಮ ಆಯಿಗೆ ಓದು ಬರುತ್ತಿರಲಿಲ್ಲ. ಕಾಗದ ಬರೆದರೆ ಯಾರೋ ಓದಿಹೇಳಬೇಕು, ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗಬೇಕು. ಅದಕ್ಕೆಂದೇ ಮನೆಯ ಮಾತೆಲ್ಲ ಕ್ಯಾಸೆಟ್ಟಿನಲ್ಲಿ ಓಡಾಡುತ್ತಿತ್ತು. ನಮ್ಮೂರಿನ ಲಾರಿ ಡ್ರೈವರ್ ಒಬ್ಬರು ಒಯ್ಯುತ್ತಿದ್ದರು, ತರುತ್ತಿದ್ದರು. ಒಂದೇ ಕ್ಯಾಸೆಟ್; ಅವರ ಮಾತಿನ ಮೇಲೆ ನಾವು, ನಮ್ಮ ಮಾತಿನ ಮೇಲೆ ಅವರು.

ಆ ಸಲ ನಾವು ಆಯಿಯನ್ನು ಕೇಳಿ ಕಳಿಸಿದ್ದು ಅಕ್ಕನ ಮದುವೆಯ ಮಾತು. ಊರಲ್ಲಿ ಸಂಬಂಧಿಕರ ಹುಡುಗ, ಕಿರಾಣಿ ಅಂಗಡಿ. ಆಯಿ ಹೂಂ ಅಂದರೆ ಮುಗಿಯಿತು, ನಮ್ಮ ಮನೆಯಲ್ಲಿ ಅದರ ಮೇಲೆ ಮಾತಿಲ್ಲ. ಅಕ್ಕ ಆ ವಾರವೆಲ್ಲ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ನಾನು ಅವಳಿಗೆ ಧೈರ್ಯ ಹೇಳಿದೆ. “ಅಕ್ಕಾ, ಹೂಂ ಅನ್ನಾಕ ಅರ್ಧ, ಒಲ್ಲೆ ಅನ್ನಾಕ ಅರ್ಧ. ಲೆಕ್ಕ ಅಷ್ಟ.” ಉತ್ತರ ಎರಡಿದ್ದ ಮಾತ್ರಕ್ಕೆ ಸಂಭವ ಸಮನಾಗುವುದಿಲ್ಲ, ಅದು ಮೊದಲ ವರ್ಷದ ಪಾಠ. ಅಕ್ಕ ಇನ್ನೊಂದು ಪಾತ್ರೆ ಎತ್ತಿಕೊಂಡಳು.

ಸೋಮವಾರ ನಾನು ಐದು ನಿಮಿಷದ ರೇಡಿಯೋ ಭಾಷಣವನ್ನು ಟೇಪ್ ಮಾಡಿ ಕಾಲೇಜಿಗೆ ಒಯ್ಯಬೇಕಿತ್ತು. ವಿಷಯ ಸಂಭವನೀಯತೆ. ಶನಿವಾರ ಯಾರೂ ಇಲ್ಲದಾಗ ಬಾಗಿಲು ಹಾಕಿಕೊಂಡು ಕೆಂಪು ಗುಂಡಿ ಒತ್ತಿದೆ. ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ ಇತ್ತು, ಹಳೆಯ ಹಾಡಿನದಿರಬೇಕು ಅಂದುಕೊಂಡೆ. ಅಂದು ಬೆಳಿಗ್ಗೆ ಡ್ರೈವರ್ ತಂದುಕೊಟ್ಟಿದ್ದನ್ನು, ರವಿವಾರ ಅಪ್ಪನಿಗೆ ಸುಲಭವಾಗಲೆಂದು ಅವ್ವ ಅದರೊಳಗೇ ಹಾಕಿಟ್ಟಿದ್ದಳೆಂದು ನನಗೇನು ಗೊತ್ತು. ಭಾಷಣ ಮುಗಿಸಿ ಟೇಪನ್ನು ಮತ್ತೆ ಮೊದಲಿಗೆ ಸುತ್ತಿಟ್ಟೆ. ಮತ್ತೊಮ್ಮೆ ಕೇಳಿ ನೋಡಲಿಲ್ಲ, ನನ್ನ ದನಿಯ ಮೇಲೆ ಅಷ್ಟು ಭರವಸೆ.

ರವಿವಾರ ಚಹಾ ಕುಡಿದು ಎಲ್ಲರೂ ಕುಳಿತರು. ಅವ್ವ ತಲೆಯ ಮೇಲೆ ಸೆರಗು ಹೊದ್ದಳು. ಅತ್ತೆಯ ದನಿಗೂ ಅವಳು ಅಷ್ಟು ಮರ್ಯಾದೆ ಕೊಡುತ್ತಿದ್ದಳು. ಅಪ್ಪ ಗುಂಡಿ ಒತ್ತಿದ. “ಗುಡ್ ಈವ್ನಿಂಗ್, ಡಿಯರ್ ಲಿಸನರ್ಸ್.”

“ಅತ್ತಿ ಇಂಗ್ಲಿಷ್ ಯಾವಾಗ ಕಲ್ತ್ರು?” ಅಂದಳು ಅವ್ವ.

“ಏನ್ ಮಾಡಿಟ್ಟೀಲೇ ಇದನ್ನ?” ಅಂದ ಅಪ್ಪ. ಆದರೂ ಆಯಿಯ ಮಾತು ಎಲ್ಲಿಯಾದರೂ ಉಳಿದಿರಬಹುದೆಂದು ಅಪ್ಪ ನಿಲ್ಲಿಸಲಿಲ್ಲ. ಐದು ನಿಮಿಷ ನಾನು ಲೋಕಕ್ಕೆ ಬುದ್ಧಿ ಹೇಳಿದ್ದನ್ನು ನಾವೆಲ್ಲ ಕೇಳಿದೆವು. ಮಧ್ಯದಲ್ಲಿ, ಹೂಂ ಅಥವಾ ಒಲ್ಲೆ ಅನ್ನಬೇಕಾದ ಒಬ್ಬ ಅಜ್ಜಿಯ ಉದಾಹರಣೆಯೂ ಇತ್ತು. ಕೊನೆಗೆ ಥ್ಯಾಂಕ್ಯೂ, ಒಂದು ಖಟ್ ಸದ್ದು, ಆಮೇಲೆ ಆಯಿ.

“... ಅಕಿನ್ನೂ ಒಂದ್ ಮಾತ ಕೇಳ್ರಿ. ಸಂಸಾರ ಮಾಡಾಕಿ ಅಕಿ.” ಅಷ್ಟೇ. ಉಳಿದದ್ದು ಬರೀ ಕೊರಕೊರ.

ಎಲ್ಲರೂ ಅಕ್ಕನ ಕಡೆ ತಿರುಗಿದೆವು. ಆಯಿಯ ಅಪ್ಪಣೆ, ಕೇಳದೆ ಉಪಾಯವಿರಲಿಲ್ಲ. “ಏನವಾ, ಏನಂತಿ?” ಅಂದ ಅಪ್ಪ.

“ನಾ ಒಲ್ಲೆ,” ಅಂದಳು ಅಕ್ಕ. ಆಮೇಲೆ ತಲೆ ಎತ್ತಿ ಇನ್ನೊಮ್ಮೆ ಅಂದಳು. ಸಂಬಂಧದ ಮಾತು ಅಲ್ಲಿಗೇ ನಿಂತಿತು. ಅಪ್ಪ ನನ್ನೊಡನೆ ತಿಂಗಳು ಮಾತಾಡಲಿಲ್ಲ. ಪರೀಕ್ಷೆಯಲ್ಲಿ ಗದ್ದಲಕ್ಕೆ ಉದಾಹರಣೆ ಕೇಳಿದ್ದರು. ಹೊತ್ತುಹೊತ್ತಿಗೆ ಕೂಗುವ ಕಾರ್ಖಾನೆಯ ಭೋಂಗಾ ಎಂದು ಬರೆದು ಬಂದೆ. ನನ್ನ ಹೆಸರು ಬರೆಯುವ ಎದೆಗಾರಿಕೆ ಇರಲಿಲ್ಲ.

ರಜೆಯಲ್ಲಿ ಊರಿಗೆ ಹೋದಾಗ, ಆ ಕ್ಯಾಸೆಟ್ಟಿನ ಮೊದಲಿಗೆ ಏನು ಹೇಳಿದ್ದಿ ಎಂದು ಆಯಿಯನ್ನು ಕೇಳಿದೆ. “ಹೂಂ ಅಂದಿದ್ದೆ. ಹುಡುಗ ಚಲೋ ಅದಾನ, ಮದುವಿ ದಿನಾ ತಗೀರಿ ಅಂದಿದ್ದೆ. ಕಡೀಕ ಯಾಕೋ ಮನಸ್ಸು ತಡೀಲಿಲ್ಲ, ಅಕಿನ್ನೂ ಕೇಳ್ರಿ ಅಂದೆ. ಇಷ್ಟೆಲ್ಲಾ ಹೇಳಿದ ಮ್ಯಾಲ ಯಾರ ಕೇಳತಾರ ಬಿಡು ಅಂತ ಸುಮ್ಮನಾದೆ.”

ಸಾಂಕೋಲೆಗೆ ಮರಳಿದ ದಿನವೇ ಅದನ್ನು ಅಕ್ಕನಿಗೆ ಹೇಳಿದೆ. ಶಾಬಾಸ್‌ಗಿರಿ ಸಿಗುತ್ತದೆಂಬ ಆಸೆ ನನಗಿತ್ತು, ಸುಳ್ಳೇಕೆ ಹೇಳಲಿ. ಅವಳು ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ಹಂಗಾರ ನೀ ಕಲ್ತದ್ದು ದಂಡ ಆಗಲಿಲ್ಲ ಬಿಡು,” ಅಂದು ನಕ್ಕಳು. ರೊಟ್ಟಿಯನ್ನು ಹಂಚಿಗೆ ಹಾಕಿದ ಮೇಲೆ ನನ್ನ ಕಡೆ ನೋಡಿದಳು.

“ಖರೇ ಹೇಳ್ಲೇನು, ತಮ್ಮಾ? ಅಪ್ಪ ಅವ್ವ ಕೇಳಲಿಲ್ಲ, ಇರಲಿ. ಅರ್ಧ ಅರ್ಧ ಅಂತ ಲೆಕ್ಕ ಹೇಳಾಕ ಬಂದಿದ್ಯಲ್ಲಾ, ಅವತ್ತ ನೀನರ ನನ್ನ ಒಂದ್ ಮಾತ ಕೇಳ್ತಿ ಅಂತ ಅನ್ಕೊಂಡಿದ್ದೆ.”