ಪಟ್ಟಿಯ ನಾಲ್ಕನೇ ಹೆಸರು

ನೌಕಾಪಡೆಯ ವೈದ್ಯಕೀಯದಲ್ಲಿ ಹೆಸರು ಮಾಡಿದವರು ಬಹಳ ಜನ ಇದಾರೆ. ಆದ್ರೆ ನಾರ್ವೆಯ ನಮ್ಮ ಬರ್ಗೆನ್ ನೆಲೆಯಲ್ಲಿ ಹಡಗಿನ ಜನರನ್ನೇ ಹಡಗಿನ ರಕ್ತನಿಧಿ ಮಾಡಿದ್ದು ಡಾ. ತೂರುನ್ ಹಾಮ್ರೆ. ಈ ತಿಂಗಳು ಅವರು ನಿವೃತ್ತಿ ಆಗ್ತಿದಾರೆ. ಅವರ ಅಭಿನಂದನಾ ಸಂಪುಟಕ್ಕೆ ಗಂಭೀರವಾಗಿ ಬರೀಬೇಕು ಅಂತ ಸಂಪಾದಕರು ನನಗೆ ಮೂರು ಸಲ ಹೇಳಿದಾರೆ. ಪ್ರಯತ್ನ ಮಾಡ್ತೀನಿ.

ಸಿನಿಮಾದಲ್ಲಿ ಹೀರೋ ಎಂಟ್ರಿಗೆ ಗಾಳಿ ಬೀಸುತ್ತೆ, ಕೋಟು ಹಾರುತ್ತೆ. ತೊಂಬತ್ತರ ದಶಕದಲ್ಲಿ ಡಾಕ್ಟ್ರು ಮೊದಲ ಹಡಗು ಹತ್ತಿದಾಗಲೂ ಗಾಳಿ ಜೋರಾಗೇ ಬೀಸ್ತಂತೆ. ಹನ್ನೊಂದು ದಿನ ವಾಂತಿ. ಇಡೀ ಹಡಗಿಗೆ ಅವರೊಬ್ಬರೇ ಹೆಂಗಸು. "ಮನೆಗೆ ಹೋಗಮ್ಮ, ಇದು ನಿನ್ನ ಕೈಲಾಗಲ್ಲ" ಅಂದಿದ್ದ ಅಧಿಕಾರಿಗೆ ಅದೇ ವಾರ ಹಲ್ಲುನೋವು ಬಂತು. ಡಾಕ್ಟ್ರು ಒಂದು ಕೈಲಿ ಬಕೆಟ್, ಇನ್ನೊಂದು ಕೈಲಿ ಇಕ್ಕಳ ಹಿಡ್ಕೊಂಡು ನಿಂತ್ರು. "ಬೇಗ ಬಾಯಿ ತೆಗೀರಿ ಸಾರ್, ಇಲ್ಲಾಂದ್ರೆ ನಾನು ತೆಗೀತೀನಿ."

ಉತ್ತರದ ಕಡಲಲ್ಲಿ ಯಾರಿಗಾದ್ರೂ ಪೆಟ್ಟಾದ್ರೆ ಹೆಲಿಕಾಪ್ಟರ್ ಬರೋಷ್ಟರಲ್ಲಿ ಫ್ರಿಜ್ಜಿನ ರಕ್ತ ಮುಗಿದಿರುತ್ತೆ. ಆಗ ಜೊತೆಗಾರರ ತೋಳಿಂದಲೇ ತೆಗೆದು ಕೊಡೋಣ ಅಂತ ಡಾಕ್ಟ್ರು ಹೇಳಿದ್ರು. ರಕ್ತ ಕೊಟ್ಟೋರು ತಲೆ ಸುತ್ತಿ ಬಿದ್ರೆ ಹಡಗು ನಡೆಸೋರು ಯಾರು ಅಂತ ಮೇಲಿನವರ ತಕರಾರು. ಡಾಕ್ಟ್ರು ವಾದ ಮಾಡ್ಲಿಲ್ಲ. ಸಭೆಯಲ್ಲೇ ಅರ್ಧ ಲೀಟರ್ ರಕ್ತ ಕೊಟ್ಟು, ಬೆನ್ನಿಗೆ ಭಾರದ ಚೀಲ ಹಾಕ್ಕೊಂಡು, ಎಲ್ಲರನ್ನೂ ಊರ ಪಕ್ಕದ ಸ್ಟೋಲ್ಟ್ಸೆಕ್ಲೈವನ್ ಬೆಟ್ಟದ ಮೆಟ್ಟಿಲು ಹತ್ತಿಸಿದ್ರು. ತುದಿಯಲ್ಲಿ ಏದುಸಿರು ಬಿಡ್ತಾ ಬಂದ ಅಧಿಕಾರಿಗಳನ್ನ ನೋಡಿ, "ರಕ್ತ ಕೊಟ್ಟಿದ್ದು ನಾನು, ನಿಮಗ್ಯಾಕೆ ಸುಸ್ತು?" ಅಂದ್ರಂತೆ. ಯೋಜನೆ ಪಾಸಾಯ್ತು.

ಎಂಟು ವರ್ಷದ ಹಿಂದೆ, ಡಾಕ್ಟ್ರು ಇದ್ದ 'ಸ್ಕಾರ್ವೆನ್' ಹಡಗಿಗೆ ನಾನು ಸೇರಿದಾಗ ನನಗೆ ಹತ್ತೊಂಬತ್ತು. ಯಾರಿಗೆ ಬೇಕಾದ್ರೂ ಕೊಡಬಹುದಾದ ಓ ಗ್ರೂಪಿನವರ ಪಟ್ಟಿ ಊಟದ ಕೋಣೆ ಬಾಗಿಲಲ್ಲಿತ್ತು. ಮೂರೇ ಹೆಸರು. ಗುರುವಾರ ವಾಫಲ್ ಅನ್ನೋ ಸಿಹಿ ದೋಸೆ ಮಾಡಿದಾಗ ಆ ಮೂವರಿಗೆ ಸಾಲಲ್ಲಿ ಮೊದಲ ಜಾಗ. ನನ್ನದು ಎ ಗ್ರೂಪು. ಆದ್ರೂ ಪೆನ್ನು ತಗೊಂಡು ನಾಲ್ಕನೇ ಹೆಸರು ನಂದೇ ಬರೆದೆ. ಎರಡು ಗುರುವಾರ ರಾಜನ ಥರ ತಿಂದೆ.

ಮೂರನೇ ವಾರ, ಬ್ಯೋರ್ನೊಯಾ ದ್ವೀಪದ ಹತ್ತಿರ, ಕೆಟ್ಟು ನಿಂತ ಮೀನು ಹಡಗನ್ನ ಎಳೀತಿದ್ವಿ. ಉಕ್ಕಿನ ಹಗ್ಗ ಕಿತ್ತು ಬಂದು ನಮ್ಮ ನಾವಿಕೆ ಇಂಗ್ವಿಲ್‌ಳ ತೊಡೆ ಸೀಳಿತು. ಮಂಜು ಮುಸುಕಿ ಹೆಲಿಕಾಪ್ಟರ್ ತಡ. ಅವಳದ್ದೂ ಓ ಗ್ರೂಪು, ಓ ರಕ್ತ ಬಿಟ್ರೆ ಬೇರೆ ಹೊಂದಲ್ಲ. ಫ್ರಿಜ್ಜಿನದು ಮುಗೀತು, ಮೂವರೂ ಕೊಟ್ಟಾಯ್ತು. ನಾಡಿ ಇನ್ನೂ ಇಳೀತಿತ್ತು. ನನ್ನನ್ನ ಕರೆದ್ರು.

"ತೋಳು ಮೇಲೆತ್ತೋ, ಹೀರೋ," ಅಂದ್ರು ಡಾಕ್ಟ್ರು. ಅವರ ಬಲಗೈ ಗಾಯ ಒತ್ತಿ ಹಿಡಿದಿತ್ತು.

ತೋಳು ಹಿಂದಕ್ಕೆ ಎಳ್ಕೊಂಡೆ. "ಡಾಕ್ಟ್ರೇ, ನಾನು ಎ ಗ್ರೂಪು. ವಾಫಲ್‌ಗೋಸ್ಕರ ಹೆಸರು ಬರೆದೆ."

ಅವರು ಎಡತೋಳು ನನ್ನ ಕಡೆ ಚಾಚಿದ್ರು. "ಬೈಯೋದು ಆಮೇಲೆ. ನಂದೂ ಓ, ಚಿಕಿತ್ಸೆ ಕೊಡೋಳು ಅಂತ ಪಟ್ಟೀಲಿ ಹಾಕಿಲ್ಲ ಅಷ್ಟೇ. ಎಡಗೈ ಖಾಲಿ ಇದೆ. ಸೂಜಿ ತಗೋ."

"ನಾನಾ? ನನ್ನ ಕೈ ನಡುಗ್ತಿದೆ!"

"ಹಡಗೂ ನಡುಗ್ತಿದೆ, ಅದೇನು ರಜಾ ಕೇಳ್ತಾ? ಒಂದು ಕಡೆ ವಾಲಿ, ಇನ್ನೊಂದು ಕಡೆ ವಾಲೋ ಮುಂಚೆ ಒಂದು ಕ್ಷಣ ನಿಲ್ಲತ್ತೆ ನೋಡು. ಆಗ ಚುಚ್ಚು."

ಮೊದಲ ಸಲ ತಪ್ಪಿತು. "ಅದು ಪಕ್ಕದ ಮನೆ ಕಣೋ. ಸರಿಯಾದ ಬಾಗಿಲು ತಟ್ಟು."

ಎರಡನೇ ಸಲ ಚೀಲಕ್ಕೆ ಕೆಂಪು ಇಳೀತು. ತಮ್ಮ ರಕ್ತ ಹರೀತಿರುವಾಗಲೂ ಅವರು ಗಾಯದ ಮೇಲಿನ ಕೈ ತೆಗೀಲಿಲ್ಲ. ಮಂಜು ಸರಿದು ಹೆಲಿಕಾಪ್ಟರ್ ಬಂದಾಗ ಇಂಗ್ವಿಲ್ ಕಣ್ಣು ಬಿಟ್ಟು ನೀರು ಕೇಳ್ತಿದ್ಲು.

ಸಂಜೆ ಕ್ಯಾಪ್ಟನ್ ಬ್ರೆಕ್ಕೆ ನಮ್ಮಿಬ್ಬರನ್ನೂ ಕರೆಸಿದ್ರು. "ಪಟ್ಟಿಯಲ್ಲಿ ನಾಲ್ಕು ಜನ, ಕೊಟ್ಟಿದ್ದು ಮೂವರು. ಹೆಂಗೆ?"

ನಾನು ಬಾಯಿ ತೆಗೆಯೋ ಮುಂಚೆ ಡಾಕ್ಟ್ರು ಹೇಳಿಬಿಟ್ರು: "ಪಟ್ಟಿ ನಂದು. ಅಂಟಿಸಿದ ಮೇಲೆ ಮತ್ತೆ ನೋಡ್ಲಿಲ್ಲ. ತಪ್ಪು ನಂದೇ."

ಹೊರಗೆ ಬಂದು ಯಾಕೆ ಹಿಂಗ್ ಮಾಡಿದ್ರಿ ಅಂತ ಕೇಳ್ದೆ. "ನಿನ್ನನ್ನ ಮನೆಗೆ ಕಳಿಸಿದ್ರೆ ಒಬ್ಬ ತರಲೆ ಕಮ್ಮಿ ಆಗ್ತಾನೆ, ಅಷ್ಟೇ. ಇಟ್ಕೊಂಡ್ರೆ ರಕ್ತದ ವಿಷ್ಯದಲ್ಲಿ ಇನ್ನು ಯಾವತ್ತೂ ಸುಳ್ಳು ಹೇಳದ ಒಬ್ಬ ಸಿಗ್ತಾನೆ. ನಾಳೆಯಿಂದ ಊಟ ಆದ್ಮೇಲೆ ಬಾ, ಸೂಜಿ ಹಾಕೋದು ಕಲಿಸ್ತೀನಿ." ಕಲಿಸಿದ್ರು, ತಮ್ಮ ತೋಳಿನ ಮೇಲೇ. ಇವತ್ತು ನಾನು ಹಡಗಿನ ವೈದ್ಯ ಸಹಾಯಕ. ಕೊಡೋರು ಯಾರೇ ಆಗ್ಲಿ, ಬೆರಳು ಚುಚ್ಚಿ ಗ್ರೂಪು ನೋಡದೆ ತೆಗೀಬಾರದು ಅನ್ನೋ ನಿಯಮವನ್ನೂ ಆ ವಾರವೇ ಅವರು ಬರೆದ್ರು. ಅದು ಈಗ ನಮ್ಮ ಎಲ್ಲಾ ಹಡಗಲ್ಲೂ ಇದೆ.

ತಪ್ಪು ಡಾಕ್ಟ್ರದ್ದೇ ಅಂತ ಕ್ಯಾಪ್ಟನ್ ಅವತ್ತು ಬರೆದ ವರದಿಯಿಂದ ಡಾಕ್ಟ್ರ ಬಡ್ತಿ ಎರಡು ವರ್ಷ ತಡ ಆಗಿದ್ದು ನನಗೆ ಗೊತ್ತಾಗಿದ್ದು ಹೋದ ತಿಂಗಳು, ಈ ಲೇಖನಕ್ಕೆ ಹಳೇ ಕಾಗದ ಹುಡುಕುವಾಗ. ಅವರು ಒಂದು ದಿನವೂ ಹೇಳಿರ್ಲಿಲ್ಲ.

ಬ್ರೆಕ್ಕೆ ಸಾಹೇಬ್ರೇ, ಈ ಸಂಪುಟದ ಸಮಿತಿಗೆ ನೀವೇ ಅಧ್ಯಕ್ಷರು, ಹಂಗಾಗಿ ಮೊದಲು ಓದೋರೂ ನೀವೇ. ಆ ಹೆಸರು ಬರೆದಿದ್ದು ನಾನು, ಐವಿಂದ್ ಸ್ಕೋರ್ಗೆ. ಆ ವರದಿ ತಿದ್ದಿಸಿ. ಸೋಮವಾರ ಬೆಳಿಗ್ಗೆ ಎಂಟಕ್ಕೆ ನಿಮ್ಮ ಬಾಗಿಲಲ್ಲಿ ಇರ್ತೀನಿ.

ಡಾಕ್ಟ್ರೇ, ಮುಂದಿನ ತಿಂಗಳಿಂದ ಮೀನುಗಾರರಿಗೆ ಈ ವಿದ್ಯೆ ಕಲಿಸೋಕೆ ಹೊರಡ್ತಿದೀರಂತೆ. ನೂರು ವರ್ಷ ಗಟ್ಟಿಯಾಗಿರಿ, ಇನ್ನೂ ಹತ್ತು ಬಂದರು ನೋಡಿ. ಸೋಮವಾರ ನನ್ನ ಕೆಲಸ ಹೋದ್ರೆ, ಮಂಗಳವಾರ ನಿಮ್ಮ ಪೆಟ್ಟಿಗೆ ಹೊರೋಕೆ ಬರ್ತೀನಿ.