ಬಂದ್ ದಿನ ತಪ್ಪಿದ ದೌಂಡ ರೈಲು

ಪೆಟ್ರೋಲು ತುಟ್ಟಿಯಾದದ್ದು ಯಾರ ತಪ್ಪು ಎಂದು ನಮ್ಮ ಗಲ್ಲಿಯಲ್ಲಿ ಯಾರನ್ನು ಕೇಳಿದರೂ ಮಂತ್ರಿಗಳದ್ದು ಎನ್ನುತ್ತಾರೆ. ನಾನೂ ಹಾಗೇ ಅನ್ನುತ್ತಿದ್ದೆ, ಎಲ್ಲರಿಗಿಂತ ಜೋರಾಗಿ. ನನ್ನ ಗಂಡ ರಿಕ್ಷಾ ಓಡಿಸುತ್ತಿದ್ದರು. ಯೆರವಡಾದಲ್ಲಿ ಜೈಲಿನ ಹಿಂದೆ ನಮ್ಮದು ತಗಡಿನ ಮನೆ. ಪೆಟ್ರೋಲಿನ ದರ ಒಂದೇ ದಿನಕ್ಕೆ ಏರುತ್ತಿತ್ತು. ರಿಕ್ಷಾದ ಮೀಟರಿನ ದರ ಏರಿಸಲು ಮಾತ್ರ ಸರ್ಕಾರಕ್ಕೆ ತಿಂಗಳುಗಟ್ಟಲೆ ಬೇಕಾಗುತ್ತಿತ್ತು. ಆ ನಡುವಿನ ತಿಂಗಳುಗಳಲ್ಲಿ ನಮ್ಮ ಮನೆಯ ಪಲ್ಯಕ್ಕೆ ಎಣ್ಣೆ ಇರುತ್ತಿರಲಿಲ್ಲ.

ಮಂತ್ರಿಗಳದ್ದು ತಪ್ಪಿಲ್ಲ ಎಂದು ನಾನು ಹೇಳುವುದಿಲ್ಲ. ಅರಬರ ಕಡೆ ಯುದ್ಧವಾದರೆ ದರ ಏರುತ್ತದೆ ಎನ್ನುತ್ತಾರೆ. ಯುದ್ಧ ನಿಂತ ಮೇಲೆ ಯಾಕೆ ಇಳಿಯುವುದಿಲ್ಲ ಎಂದು ಕೇಳಿದರೆ ಅವರಿಗೆ ಸಭೆಗೆ ಹೊತ್ತಾಗುತ್ತದೆ. ಅವರ ಜವಾಬು ಅವರು ಕೊಡಲಿ. ನಾನು ಬರೆಯುತ್ತಿರುವುದು ನನ್ನ ತಪ್ಪನ್ನು.

ತೊಂಬತ್ತರ ಈಚಿನ ಮಾತು. ಪೆಟ್ರೋಲು ಏರಿತೆಂದು ರಿಕ್ಷಾದವರು ಬಂದ್ ಕರೆದಿದ್ದರು. ಅದರ ಹಿಂದಿನ ಬಂದ್‌ನಲ್ಲಿ ನನ್ನ ಗಂಡ ಕದ್ದು ಸ್ಟೇಷನ್ನಿಗೆ ಹೋಗಿ ಪ್ಯಾಸೆಂಜರ್ ಹತ್ತಿಸಿಕೊಂಡು ಸಿಕ್ಕಿಬಿದ್ದಿದ್ದರು. ರಿಕ್ಷಾ ಸ್ಟ್ಯಾಂಡಿನವರು ಮೂರೂ ಗಾಲಿಯ ಗಾಳಿ ಬಿಟ್ಟು ಕಳಿಸಿದ್ದರು. ಹಿಟ್ಟಿನ ಗಿರಣಿಯಲ್ಲಿ ಹೆಂಗಸರು ನನ್ನನ್ನು ಬಿಡಲಿಲ್ಲ.

“ಏನವ್ವಾ, ನಿನ್ನ ಗಂಡಗ ಮಂತ್ರಿ ಪೆಟ್ರೋಲ್ ಪುಗಸಟ್ಟಿ ಕೊಡ್ತಾನೇನ?”

“ಅಳಿಯ ಅಂತ ಮಾಡ್ಕೊಂಡಿರಬೇಕ!”

ಆ ಮಾತು ನನಗೆ ಭಾಳ ಹತ್ತಿತು. ಅದಕ್ಕೇ ಈ ಸಲ ಬಂದ್‌ನ ಹಿಂದಿನ ದಿನ ಮೋರ್ಚಾ ಹೊರಟಾಗ ನಾನೇ ಮುಂದೆ ನಡೆದೆ. ರಿಕ್ಷಾದವರ ಮುಂದಾಳು ಮೈಕಿನಲ್ಲಿ ನನ್ನತ್ತ ಕೈ ಮಾಡಿ, “ಯಾ ವಹಿನೀಂಚ್ಯಾ ಗಲ್ಲೀತ ಉದ್ಯಾ ಏಕ ಚಾಕ ಹಲಣಾರ ನಾಹೀ!” ಎಂದು ಕೂಗಿದ. ಈ ಅತ್ತಿಗೆಯ ಗಲ್ಲಿಯಲ್ಲಿ ನಾಳೆ ಒಂದು ಗಾಲಿಯೂ ಅಲುಗುವುದಿಲ್ಲ ಎಂದು. ಜನ ಚಪ್ಪಾಳೆ ತಟ್ಟಿದರು. ನನ್ನ ಜನ್ಮದಲ್ಲಿ ನನಗೆ ಚಪ್ಪಾಳೆ ಬಿದ್ದದ್ದು ಅದೊಂದೇ ಸಲ.

ಮರುದಿನ ಗಂಡ ಏಳುವುದರೊಳಗೆ ನಾನು ರಿಕ್ಷಾದ ಪ್ಲಗ್ ಬಿಚ್ಚಿದೆ. ಅವರು ದಿನಾ ಅದನ್ನು ಬಿಚ್ಚಿ ತಿಕ್ಕುವುದನ್ನು ನೋಡಿ ಕಲಿತಿದ್ದೆ. ಅರಿವೆಯಲ್ಲಿ ಸುತ್ತಿ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದೆ.

“ಏ, ಪ್ಲಗ್ ಎಲ್ಲದ?” ಎಂದರು ಗಂಡ.

“ಎಲ್ಲಿರಬೇಕೋ ಅಲ್ಲದ. ಇವತ್ತ ನೀವು ಆರಾಮ ಮಲಕೋರಿ.”

“ನಾ ಎಲ್ಲಿ ಹೊಂಟೀನಿ? ಗಾಡಿ ಒರಸಾಕ ಬಂದೀನಿ.”

“ಹೋದ ಸಲಾನೂ ಒರಸಾಕ ಅಂತ ಹೋಗಿ ಸ್ಟೇಷನ್ ಮುಟ್ಟಿದ್ರಿ.”

ಅವರು ನಕ್ಕು ಚಹಾ ಕುಡಿಯಲು ಕೂತರು. ಅಷ್ಟರಲ್ಲಿ ಮಗ್ಗಲಿನ ಮನೆಯವಳು ಓಡಿ ಬಂದಳು. ಅವಳೂ ನಮ್ಮ ವಿಜಾಪುರದ ಕಡೆಯವಳೇ, ಉಡುಪಿಯವರ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ತಂದೆ ತಾಯಿ ಇಲ್ಲದ ತಂಗಿಯನ್ನು ತಾನೇ ಸಾಕಿ ದೌಂಡದ ರೈಲ್ವೆ ನೌಕರನಿಗೆ ಕೊಟ್ಟಿದ್ದಳು.

“ಅಕ್ಕಾರ, ನನ್ನ ತಂಗಿ ಹೋದಳಂತ್ರಿ. ಅಂಗಡಿಗೆ ಫೋನ್ ಬಂದಿತ್ತು. ಒಂಬತ್ತರ ರೈಲು ಸಿಕ್ಕರ ಮಣ್ಣಿಗೆ ಮುಟ್ಟತೀನಿ. ಅಣ್ಣಾರಿಗೆ ಹೇಳ್ರಿ, ಸ್ಟೇಷನ್ ತನಕಾ ಬಿಡಲಿ.”

ಅವಳ ಬಗಲಲ್ಲಿ ಹಸಿರು ಇಳಕಲ್ ಸೀರೆ ಇತ್ತು. ತಂಗಿಗೆ ಪಂಚಮಿಗೆ ಕೊಡಬೇಕೆಂದು ಮೊದಲೇ ತಂದಿಟ್ಟದ್ದು. ನಮ್ಮಲ್ಲಿ ಮುತ್ತೈದೆ ಸತ್ತರೆ ತವರಿನಿಂದ ಹಸಿರು ಸೀರೆ, ಬಳೆ ಬರಬೇಕು. ಅದನ್ನು ಉಡಿಸಿ, ಕೂರಿಸಿ, ತವರಿನವರು ಮುಖ ನೋಡಿದ ಮೇಲೆ ಮಣ್ಣು. ಆ ಹುಡುಗಿಗೆ ತವರೆಂದರೆ ಈ ಅಕ್ಕ ಒಬ್ಬಳೇ. ಬೇಸಿಗೆ ಬೇರೆ. ಅವರು ಹೆಚ್ಚು ಹೊತ್ತು ಕಾಯುವಂತಿರಲಿಲ್ಲ.

ಇಲ್ಲಿ ನನಗೆ ಒಂದು ನೆವವೂ ಇಲ್ಲ. ಎಂಥ ಬಂದ್ ಇದ್ದರೂ ಸಾವಿಗೆ, ಹೆರಿಗೆಗೆ ರಿಕ್ಷಾ ಬಿಡುತ್ತಿದ್ದರು. ಮುಂದಿನ ಗಾಜಿಗೆ ಬಿಳಿ ಅರಿವೆ ಕಟ್ಟಿದರೆ ಯಾರೂ ತಡೆಯುತ್ತಿರಲಿಲ್ಲ. ನನಗೆ ಅದು ಗೊತ್ತಿತ್ತು. ಆದರೆ ಎದುರಿನ ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು. ನಮ್ಮ ರಿಕ್ಷಾ ಹೊರಟರೆ ಬಿಳಿ ಅರಿವೆಯನ್ನು ಯಾರು ನೋಡುತ್ತಾರೆ, ಮತ್ತೆ ಅದೇ ಕಳ್ಳಾಟ ಎನ್ನುತ್ತಾರೆ ಎಂದುಕೊಂಡೆ. ನಿನ್ನೆಯ ಚಪ್ಪಾಳೆ ಇನ್ನೂ ತಲೆಯಿಂದ ಇಳಿದಿರಲಿಲ್ಲ.

“ರಿಕ್ಷಾ ಕೆಟ್ಟದ, ತಂಗಿ,” ಎಂದೆ. “ಚಾಲೂನ ಆಗವಲ್ದು. ಮಧ್ಯಾಹ್ನ ಇನ್ನೊಂದು ರೈಲು ಅದ. ಅಲ್ಲೀತನಕಾ ಇಟ್ಟಿರತಾರ.”

ಗಂಡ ನನ್ನ ಮುಖ ನೋಡಿದರು. ನಾನು ಕಣ್ಣು ತಿರುಗಿಸಲಿಲ್ಲ. ಅವರು ಎದ್ದು ಹೋಗಿ ಕೆಳಗಿನ ಹ್ಯಾಂಡಲ್ ಎರಡು ಸಲ ಎಳೆದು ತೋರಿಸಿದರು. ಪ್ಲಗ್ ಇಲ್ಲದ ಇಂಜಿನ್ನು ಎಲ್ಲಿ ಚಾಲೂ ಆಗಬೇಕು. ಕಲ್ಲು ಬಿದ್ದಾವೆಂದು ಆ ದಿನ ಸಿಟಿ ಬಸ್ಸುಗಳೂ ಇರಲಿಲ್ಲ. ಅವಳು ಸೀರೆ ಅವಚಿಕೊಂಡು ನಡೆಯುತ್ತ ಓಡುತ್ತ ಸ್ಟೇಷನ್ ಹಾದಿಯ ಸೇತುವೆಯ ದಿಕ್ಕಿಗೆ ಹೋದಳು.

ಮೂರನೆಯ ದಿನ ತಿರುಗಿ ಬಂದಳು. ಸೀರೆ ಮಡಿಕೆ ಬಿಚ್ಚದೆ ಹಾಗೇ ಇತ್ತು.

“ರೈಲು ಕಣ್ಣ ಮುಂದ ಹೋತ್ರಿ ಅಕ್ಕಾರ. ಮಧ್ಯಾಹ್ನದ್ದಕ್ಕ ಹೋಗೂದ್ರಾಗ ಮಣ್ಣ ಮುಚ್ಚಿದ್ರು. ಗಂಡನ ಮನ್ಯಾವರ ಸೀರಿ ಉಟಗೊಂಡು ಹೋದಳು, ತವರಿಲ್ಲದಾಕಿ ಹಂಗ.” ಸೀರೆಯನ್ನು ಮತ್ತೆ ಬಗಲಿಗೆ ಇಟ್ಟುಕೊಂಡು, “ಪೆಟ್ರೋಲ್ ಏರಿಸಿದ ಆ ಮಂತ್ರಿ ಬಾಯಾಗ ಮಣ್ಣ ಬೀಳಲಿ,” ಎಂದಳು.

“ಬೀಳಲಿ,” ಎಂದೆ ನಾನೂ.

ಪ್ಲಗ್ ಬಚ್ಚಿಟ್ಟದ್ದಕ್ಕಿಂತ ಆ ಒಂದು ಮಾತು ಕೆಟ್ಟದ್ದು. ಆಗ ಬಾಯಿ ಬಿಟ್ಟಿದ್ದರೆ ಅವಳು ನನ್ನ ಕೂದಲು ಹಿಡಿದು ಎಳೆದಾಡುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು.

ಆಮೇಲೆ ದರ ಏರಿದಾಗಲೆಲ್ಲ ಅವಳು ಶಪಿಸುವಳು, ನಾನು ಹೂಂಗುಟ್ಟುವೆ. ಒಬ್ಬ ಮಂತ್ರಿ ಇಳಿದ, ಇನ್ನೊಬ್ಬ ಬಂದ. ಸರ್ಕಾರವೇ ಬದಲಾಯಿತು. ಅವಳ ಶಾಪ ಕುರ್ಚಿಗೆ ಅಂಟಿಕೊಂಡಿತ್ತು. ಯಾರು ಕೂತರೂ ಅವರಿಗೇ. ಗಂಡ ಒಂದೇ ಒಂದು ಸಲ, “ಅಕಿಗೆ ಹೇಳಿಬಿಡು,” ಎಂದರು. “ನೀವ್ಯಾಕ ಹ್ಯಾಂಡಲ್ ಎಳೆದ್ರಿ ಮತ್ತ?” ಎಂದೆ. ಆಮೇಲೆ ಅವರು ಆ ಮಾತು ತೆಗೆಯಲಿಲ್ಲ. ಕೆಲವು ವರ್ಷಕ್ಕೆ ತೀರಿಹೋದರು. ರಿಕ್ಷಾ ಮಾರಿದೆ.

ಎರಡು ಸಾವಿರ ಇಸವಿ ದಾಟಿದ ಮೇಲೆ ಮತ್ತೆ ದರ ಏರಿತು. ಅಧಿಕಾರ ಇಲ್ಲದ ಪಕ್ಷದವರು ಮೋರ್ಚಾಕ್ಕೆ ಹೆಂಗಸರನ್ನು ಒಯ್ಯಲು ಗಲ್ಲಿಗೆ ಟೆಂಪೊ ತಂದರು. ಮಗ್ಗಲಿನ ಮನೆಯವಳು ತಲೆ ಬಾಚಿಕೊಂಡು ನನ್ನ ಮನೆಗೆ ಬಂದಳು.

“ಅಕ್ಕಾರ, ನನಗ ಮೈಕ್ ಕೊಡತಾರಂತ. ನನ್ನ ತಂಗೀದ ಹೇಳಾಕಿ ನಾ. ನೀವು ಮಗ್ಗಲಿಗೆ ನಿಂದರಬೇಕ. ಆ ದಿನ ಕಣ್ಣಾರೆ ನೋಡಿದಾವ್ರು ನೀವ ಒಬ್ಬರು ಉಳದೀರಿ. ಹೌದಂತ ಅನ್ರಿ, ಸಾಕು.”

ಮೈಕಿನ ಮುಂದೆ ಹೌದು ಎನ್ನುವುದು ನನ್ನಿಂದ ಆಗಲಿಲ್ಲ.

“ರಿಕ್ಷಾ ಕೆಟ್ಟಿರಲಿಲ್ಲ,” ಎಂದೆ. “ಪ್ಲಗ್ ನಾನ ಬಿಚ್ಚಿದ್ದೆ. ಹಿಟ್ಟಿನ ಡಬ್ಬ್ಯಾಗ ಇತ್ತು.”

ಅವಳಿಗೆ ಮೊದಲು ತಿಳಿಯಲಿಲ್ಲ. ಮತ್ತೆ ಹೇಳಿದೆ. ಹೊಸ್ತಿಲ ಮೇಲೆ ಕೂತಳು.

“ಪೆಟ್ರೋಲ್ ಇತ್ತೇನ ಅದರಾಗ?”

“ಇತ್ತು. ಹಿಂದಿನ ದಿನಾನ ತುಂಬಿಸಿದ್ರು.”

“ಅಣ್ಣಾರಿಗೆ ಗೊತ್ತಿತ್ತು?”

“ಗೊತ್ತಿತ್ತು.”

“ಇಷ್ಟ ವರ್ಷ ನಾ ಬೈವಾಗ ನೀವು ಹೂಂ ಅಂದ್ರಿ.”

“ಅಂದೆ.”

ಹೊರಗೆ ಟೆಂಪೊದವನು ಹಾರನ್ ಹೊಡೆಯುತ್ತಿದ್ದ. “ಮಾವಶೀ, ಚಲಾ ಲವಕರ!” ಎಂದು ಅವಸರ ಮಾಡಿದ. ಅವಳು ಎದ್ದು ಅವನಿಗೆ ಬರುವುದಿಲ್ಲವೆಂದು ಕೈಯಾಡಿಸಿ, ತನ್ನ ಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಟೆಂಪೊ ಉಳಿದವರನ್ನು ತುಂಬಿಕೊಂಡು ಹೋಯಿತು.

ಬಂದು ಜಗಳ ತೆಗೆಯುತ್ತಾಳೆಂದು ಕಾದೆ. ಎರಡು ದಿನ, ಎಂಟು ದಿನ, ತಿಂಗಳು. ಗೋಡೆಯ ಆಚೆ ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು, ಅಷ್ಟೆ. ಮುಂದಿನ ಸಲ ದರ ಏರಿದಾಗ ನಳದ ಹತ್ತಿರ ಹೆಂಗಸರೆಲ್ಲ ಮಂತ್ರಿಗಳ ಮನೆತನವನ್ನೇ ಬೈಯುತ್ತಿದ್ದರು. ಒಬ್ಬಳು ಅವಳನ್ನು ಕೆಣಕಿದಳು.

“ಯಾಕವ್ವಾ, ನೀ ಸುಮ್ಮನ? ನಿನ್ನ ಮಂತ್ರಿಗೆ ಮಾಫ್ ಮಾಡಿದೇನ?”

“ಬೈದು ಬೈದು ಸಾಕಾತವ್ವಾ,” ಎಂದಳು. ನನ್ನ ಕಡೆ ನೋಡಲಿಲ್ಲ. ತುಂಬಿದ ಕೊಡ ಎತ್ತಿಕೊಂಡು ಹೋದಳು. ಪಾಳಿ ನನ್ನದಿತ್ತು. ನಳಕ್ಕೆ ನನ್ನ ಕೊಡ ಹಚ್ಚಿದೆ.