ಟಗರಿನ ಒಪ್ಪಿಗೆ

ತಂಗಿಯ ಎದೆಯೊಳಗೆ ಹಂದಿಯ ತುಂಡು ಕೂರಬಹುದೆಂದು ಗೊತ್ತಾದ ದಿನ ಅವಳ ಗಂಡನ ಮನೆಯಲ್ಲಿ ಒಲೆ ಹೊತ್ತಲಿಲ್ಲವಂತೆ. ನಾಲ್ಕು ಹೆಜ್ಜೆ ನಡೆದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಆ ಚಿಂತೆಯಿಂದ ಮಾತ್ರ ಆ ಮನೆಯ ಒಲೆ ಒಂದು ದಿನವೂ ಆರಿರಲಿಲ್ಲ. ಅದನ್ನು ಊದುತ್ತಿದ್ದವಳೂ ಅವಳೇ.

ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ಅವಳ ಹೃದಯದ ಕವಾಟ ಕೆಟ್ಟಿತ್ತು. ಹೈದರಾಬಾದಿನ ಡಾಕ್ಟರು ಎರಡು ದಾರಿ ಹೇಳಿದರು. ಲೋಹದ ಕವಾಟ ಬಹುಕಾಲ ಬಾಳುತ್ತದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ಸಾಯುವತನಕ ಗುಳಿಗೆ ನುಂಗಬೇಕು. ಆ ಗುಳಿಗೆ ನುಂಗುತ್ತ ಬಸಿರಾದರೆ ತಾಯಿಗೂ ಕೂಸಿಗೂ ಅಪಾಯ. ಹಂದಿಯ ಕವಾಟವಾದರೆ ಆ ಭಯ ಕಡಿಮೆ, ಆದರೆ ವರ್ಷಗಳು ಕಳೆದಂತೆ ಸವೆದು ಮತ್ತೆ ಎದೆ ತೆರೆಯಬೇಕಾದೀತು. ತಂಗಿಗೆ ಕೂಸು ಬೇಕಿತ್ತು. ಹಂದಿಯದೇ ಇರಲಿ ಎಂದು ಅವಳು ನನ್ನೆದುರು ಮಾತ್ರ ಹೇಳಿದ್ದಳು.

ನಾನು ಜಹೀರಾಬಾದಿನ ಮೋಟರ್ ರಿಪೇರಿ ಅಂಗಡಿ ಮುಚ್ಚಿ ತಾಂಡೂರಿನ ಹತ್ತಿರದ ಅವರ ಊರಿಗೆ ಹೋದೆ. ಅಂಗಳದ ತುಂಬ ನೆಂಟರು. ನಡುವೆ ಅವಳ ಮಾವನ ಅಣ್ಣ, ಆ ಮನೆಯ ಹಿರಿಯ. ಕುರಿಯ ಬೆನ್ನು ಹಿಚುಕಿ ಮಾಂಸ ಎಷ್ಟು ಬಿದ್ದೀತೆಂದು ಹೇಳುವುದೇ ಅವನ ಜನ್ಮದ ವಿದ್ಯೆ.

"ನಮ್ದು ದೇವ್ರ ಮನಿ. ಒಳಗ ಹಂದಿ ಇಟ್ಕೊಂಡಾಕಿ ದೇವ್ರಿಗಿ ಎಡಿ ಹೆಂಗ್ ಮಾಡ್ತಾಳ?" ಎಂದ. ಆಮೇಲೆ ದನಿ ತಗ್ಗಿಸಿ, "ಅದೂ ಮೂಕ ಜೀವ. ಅದಕ್ಕ ಯಾರರೆ ಕೇಳ್ಯಾರೇನು?" ಎಂದ. ಈ ಮಾತು ಬೇರೆ ಯಾರ ಬಾಯಿಂದ ಬಂದಿದ್ದರೂ ತಲೆಬಾಗುತ್ತಿದ್ದೆ. ಇವನ ಬಾಯಲ್ಲಿ ಕೇಳಿ ಮೈ ಉರಿಯಿತು.

ಕೊನೆಗೆ ಅವನೇ ತೀರ್ಮಾನ ಕೊಟ್ಟ: "ದೇವ್ರ ಟಗರಿಗೇ ಕೇಳಿಬಿಡಮ್." ಕುರಿ ಕಾಯುವ ನಮ್ಮವರಲ್ಲಿ ದೇವರಿಗೆ ಬಿಟ್ಟ ಟಗರಿನ ಮೇಲೆ ನೀರು ಸುರಿಯುತ್ತಾರೆ. ಅದು ಮೈ ಕೊಡವಿದರೆ ಒಪ್ಪಿತು ಎಂದರ್ಥ, ಆಮೇಲೆಯೇ ಕತ್ತಿ. ಈಗ ಕೊಡವಿದರೆ ಹಂದಿಯ ಕವಾಟ, ಇಲ್ಲದಿದ್ದರೆ ಲೋಹ. ಹೃದ್ರೋಗಕ್ಕೆ ಎಂಥ ತಜ್ಞನನ್ನು ಹುಡುಕಿದರು ನೋಡಿ!

ತಂಗಿಯ ಗಂಡನೇ ಟಗರಿನ ಹಗ್ಗ ಹಿಡಿದ. ಹಿರಿಯ ತಂಬಿಗೆ ಬೋರಲು ಹಾಕಿದ. ಟಗರು ಮೆಲುಕು ಹಾಕುತ್ತ ನಿಂತಿತು, ಅಷ್ಟೇ.

"ಒಲ್ಲೆ ಅನ್ನಾಕತ್ತದ. ಲೋಹದ್ದೇ ಹಾಕ್ಸ್ರಿ, ಆತು," ಎಂದು ಹಿರಿಯ ಮೀಸೆ ಒರೆಸಿಕೊಂಡ. ತಂಗಿಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ಯಾರೋ ಮಸಾಲೆ ಅರೆದಾಗಿದೆ ಎಂದರು. ಟಗರು ಒಪ್ಪದೆ ಕೊಯ್ಯುವಂತಿಲ್ಲ; ನೆಂಟರು ಮುಖ ಮುಖ ನೋಡಿಕೊಂಡರು. ಹಿರಿಯ ಸದ್ದಿಲ್ಲದೆ ಮತ್ತೊಂದು ತಂಬಿಗೆ ತರಿಸಿ ಟಗರಿನ ಕಿವಿಯೊಳಕ್ಕೇ ಹೊಯ್ದ. ಕಿವಿಗೆ ನೀರು ಹೋದರೆ ಯಾವ ಪ್ರಾಣಿ ಸುಮ್ಮನಿದ್ದೀತು? ಅದು ಮೈಯೆಲ್ಲ ಕೊಡವಿತು. "ಒಪ್ತು, ಒಪ್ತು!" ಎಂದು ಅಂಗಳ ನಕ್ಕಿತು.

ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ತಂಗಿ ಹೇಳಿದಳು: "ಒಪ್ತಲ್ಲರಿ ಮಾವ, ಹಂಗಾರ ನಂದೂ ಆತು."

"ಅದು ಊಟಕ್ಕ ಒಪ್ಪಿದ್ದವ್ವಾ."

"ಟಗರಿಗಿ ಎರಡು ಸಲ ಕೇಳಿದ್ರಿ. ನನಗ ಒಂದ್ಸಲಾನೂ ಕೇಳ್ಲಿಲ್ಲ."

ಅವಳ ಗಂಡ ಹಗ್ಗ ಕೈಬಿಟ್ಟು, ಹೈದರಾಬಾದಿಗೆ ಹೊರಡೋಣ ಎಂದ. ಅವನ ಮೇಲಿದ್ದ ಸಿಟ್ಟು ಆ ಕ್ಷಣಕ್ಕೆ ಅರ್ಧ ಇಳಿಯಿತು.

ಹಂದಿಯ ಕವಾಟವನ್ನೇ ಹಾಕಿದರು. ಕಾಲಾಂತರದಲ್ಲಿ ಡಾಕ್ಟರು ಹೂಂ ಎಂದ ಮೇಲೆ ಅವಳು ಬಸಿರಾದಳು. ಸುದ್ದಿ ಕೇಳಿದ್ದೇ ತಡ, ಅದೇ ಹಿರಿಯ ದೇವರಿಗೊಂದು ಟಗರು ಕಡಿಸಿ ಊರಿಗೆಲ್ಲ ಊಟ ಹೇಳಿದ. ಎಡೆ ಅವಳ ಕೈಯಿಂದಲೇ ಮಾಡಿಸಿದ. ಹಂದಿಯ ಮಾತು ಯಾರೂ ಎತ್ತಲಿಲ್ಲ. ನಾಚಿಕೆ ಎಂಬುದು ಇವರ ಪಾಲಿಗೆ ಬರಲೇ ಇಲ್ಲ ಎಂದುಕೊಂಡೆ.

ಪಂಕ್ತಿಯ ಮಧ್ಯೆ ನಿಂತು ಅವನು, "ನಮ್ಮ ದೇವ್ರು ಕಣ್ಣು ತೆರ್ದ. ಕೂಸು ಕೊಟ್ಟ," ಎಂದ.

ಬಡಿಸುತ್ತಿದ್ದ ತಂಗಿ ತಲೆ ಎತ್ತಿದಳು. "ದೇವ್ರಲ್ಲರಿ ಮಾವ, ಹಂದಿ. ಅದೂ ಕೊಟ್ಟಿಲ್ಲ. ನಾವು ಕಸ್ಕೊಂಡೀವಿ."

ಹಿರಿಯನ ಮುಖ ನೋಡಿ ನಗಬೇಕೆಂದು ಬಾಯಿ ತೆರೆದೆ. ಬಾಯೊಳಗೆ ಟಗರಿನ ತುತ್ತಿತ್ತು.